ಕಾಫಿ ಘಮ ಮತ್ತು ಪ್ರೋಟಾನ್ ಹಿಡಿದ ನೀರು

ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವ ಘಮ ಒಂದೇ ವಸ್ತುವಿನದ್ದಲ್ಲ. ಹುರಿದ ಕಾಫಿಯಿಂದ ಆವಿಯಾಗಿ ಹೊರಬರುವ ರಾಸಾಯನಿಕಗಳ ಪಟ್ಟಿ ಸಾವಿರದ ಹತ್ತಿರ ಹೋಗುತ್ತದೆ. ಹಾಗಾಗಿ 'ಕೆಮಿಕಲ್ ಇಲ್ಲದ ಆಹಾರ' ಅನ್ನುವ ಮಾತು ಕೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಘಮ ಅಂದರೇ ಕೆಮಿಕಲ್. ಇದನ್ನು ಬಚ್ಚಿಟ್ಟು ಜನರನ್ನು ಸುಮ್ನೆ ಹೆದರಿಸುವುದರಿಂದ ಯಾರಿಗೂ ಉಪಯೋಗವಿಲ್ಲ.

ಈ ಸಾವಿರದಲ್ಲಿ ಯಾವುದು ಯಾವ ಕ್ಷಣದಲ್ಲಿ ಹೊರಬರುತ್ತದೆ ಅನ್ನೋದು ಕಷ್ಟದ ಪ್ರಶ್ನೆ. ಬೆರೆತ ಆವಿಗಳನ್ನು ಒಂದೊಂದಾಗಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಒಂದು ಸ್ಯಾಂಪಲ್ ಮುಗಿಯಲು ಸಾಮಾನ್ಯವಾಗಿ ಅರ್ಧ ಗಂಟೆಯಷ್ಟು ಬೇಕು. ಕಾಳು ಹುರಿಯುವುದು ಕೆಲವೇ ನಿಮಿಷದ ಕೆಲಸ, ಗುಟುಕು ನುಂಗುವುದು ಒಂದು ಸೆಕೆಂಡಿನದು. ಇನ್ನು ಗಾಳಿಯನ್ನು ನೇರವಾಗಿ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಟ್ಟರೆ ಬೇರೆ ತೊಂದರೆ. ಅದರಲ್ಲಿ ಮಾಮೂಲಿಯಾಗಿ ಬಳಸುವ 70 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಹೊಡೆತಕ್ಕೆ ಘಮದ ಅಣುಗಳು ಪುಡಿಪುಡಿಯಾಗುತ್ತವೆ. ಜೊತೆಗೆ ನೈಟ್ರೋಜನ್, ಆಕ್ಸಿಜನ್‌ಗಳ ಗದ್ದಲದಲ್ಲಿ ಉಳಿದ ತುಣುಕುಗಳೂ ಮುಳುಗಿಹೋಗುತ್ತವೆ.

ಇಲ್ಲಿಂದ ಪಾರು ಮಾಡಿದ್ದು ನೀರು! ನೀರಿನ ಆವಿಯಲ್ಲಿ ವಿದ್ಯುತ್ ಹಾಯಿಸಿದರೆ H₃O⁺ ಅಯಾನು (ವಿದ್ಯುದಾವೇಶ ಇರುವ ಕಣ) ಸಿಗುತ್ತದೆ, ಅಂದರೆ ಒಂದು ಹೆಚ್ಚುವರಿ ಪ್ರೋಟಾನ್ ಹಿಡಿದಿರುವ ನೀರಿನ ಅಣು. ಪ್ರತಿ ಅಣುವಿಗೂ ಪ್ರೋಟಾನ್ ಮೇಲೆ ಇಷ್ಟಿಷ್ಟೇ ಅನ್ನುವ ಒಲವಿರುತ್ತದೆ. ನೀರಿನ ಒಲವು ಮೋಲ್‌ಗೆ 691 ಕಿಲೋಜೂಲ್. ಆಕ್ಸಿಜನ್‌ನದು 421, ನೈಟ್ರೋಜನ್‌ನದು 494, ಕಾರ್ಬನ್ ಡೈಆಕ್ಸೈಡ್‌ನದು 541. ಎಲ್ಲವೂ ನೀರಿಗಿಂತ ಕಡಿಮೆ, ಅಲ್ವಾ? ಹಾಗಾಗಿ ನೀರು ಅವಕ್ಕೆ ಪ್ರೋಟಾನ್ ಬಿಟ್ಟುಕೊಡುವುದಿಲ್ಲ. ಆದರೆ ಕಾಫಿಯ ಆವಿಯಲ್ಲಿರುವ ಅಸಿಟಾಲ್ಡಿಹೈಡ್‌ನದು 769, ಅಸಿಟೋನ್‌ನದು 812. ಎತ್ತರದ ಗದ್ದೆಯಿಂದ ತಗ್ಗಿನ ಗದ್ದೆಗೆ ನೀರು ಹರಿದ ಹಾಗೆ ಪ್ರೋಟಾನ್ ಅವುಗಳ ಕಡೆಗೆ ದಾಟುತ್ತದೆ. ಹತ್ತು ಸೆಂಟಿಮೀಟರ್ ಆಸುಪಾಸಿನ ಒಂದು ಕೊಳವೆಯಲ್ಲಿ, ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಇಷ್ಟೂ ನಡೆದುಹೋಗುತ್ತದೆ. ಗಾಳಿಯ ಶೇಕಡ 99ಕ್ಕಿಂತ ಜಾಸ್ತಿ ಭಾಗ ಯಂತ್ರದ ಕಣ್ಣಿಗೇ ಬೀಳುವುದಿಲ್ಲ, ಘಮದ ಅಣು ಮಾತ್ರ ಹೆಚ್ಚುಪಾಲು ಇಡಿಯಾಗಿ, ಒಂದು ಪ್ರೋಟಾನಿನಷ್ಟು ತೂಕ ಜಾಸ್ತಿಯಾಗಿ ಕಾಣುತ್ತದೆ. ಅಸಿಟೋನ್ 58 ಇದ್ದದ್ದು 59 ಆಗುತ್ತದೆ. ಡಿಕ್ಕಿ ಹೊಡೆದರೆ ಪ್ರೋಟಾನ್ ದಾಟುವುದು ಹೆಚ್ಚುಕಡಿಮೆ ಖಾತ್ರಿ, ಆದ್ದರಿಂದ ಎಷ್ಟಿದೆ ಅಂತಲೂ ಲೆಕ್ಕ ಹಾಕಬಹುದು. ಎಷ್ಟು ಸರಳ, ಎಷ್ಟು ಚೆಂದ!

ಇದರ ಬೇರು ಇರುವುದು ಅಡುಗೆಮನೆಯಲ್ಲಲ್ಲ, ಆಕಾಶದಲ್ಲಿ. 1960ರ ದಶಕದಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಮೇಲಿನ ವಾತಾವರಣದ ಅಯಾನುಗಳು ಹೇಗೆ ವರ್ತಿಸುತ್ತವೆ ಎಂದು ತಿಳಿಯಲು ವಿಜ್ಞಾನಿಗಳು ಅನಿಲ ಹರಿಯುವ ಕೊಳವೆಗಳನ್ನು ಕಟ್ಟಿದರು. ಆ ವಿದ್ಯೆಯನ್ನು 1990ರ ದಶಕದಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ವೆರ್ನರ್ ಲಿಂಡಿಂಗರ್ ಮತ್ತು ಸಂಗಡಿಗರು ಘಮ ಹಿಡಿಯಲು ತಿರುಗಿಸಿದರು. ಅದೇ ಪಿಟಿಆರ್-ಎಂಎಸ್, ಅಂದರೆ ಪ್ರೋಟಾನ್ ದಾಟಿಸಿ ಅಣುಗಳ ತೂಕ ಅಳೆಯುವ ವಿಧಾನ. ಕಾಫಿ ಹುರಿಯುವಾಗ ಏಳುವ ಆವಿಯನ್ನು ನೇರ ಇದಕ್ಕೆ ಬಿಟ್ಟು ನೋಡಿದ ಕೆಲಸವೂ ಆ ತಂಡದ ಒಡನಾಟದಲ್ಲೇ ನಡೆಯಿತು. ಕಾಳು ಕಪ್ಪಾಗುತ್ತಾ ಹೋದ ಹಾಗೆ ಪಿರಿಡಿನ್ ಅನ್ನುವ ರಾಸಾಯನಿಕ ಏರುತ್ತದೆ, ಜಾಸ್ತಿ ಹುರಿದ ಕಾಫಿಯ ಸುಟ್ಟ ವಾಸನೆಯಲ್ಲಿ ಅದರ ಪಾಲೂ ಇದೆ.

ಇನ್ನೂ ಖುಷಿಯ ಪ್ರಯೋಗವೆಂದರೆ ಮೂಗಿನ ಹೊಳ್ಳೆಗೆ ಸಣ್ಣ ನಳಿಗೆ ಇಟ್ಟು ಕಾಫಿ ಕುಡಿಸುವುದು. ನಮ್ಮ ಉಸಿರಿನಲ್ಲಿ ಅಸಿಟೋನ್ ಇದ್ದೇ ಇರುತ್ತದೆ. ಯಂತ್ರದ ಪರದೆಯಲ್ಲಿ 59ರ ಗೆರೆ ಏರಿದಾಗಲೆಲ್ಲ ಉಸಿರು ಹೊರಗೆ ಬಂತು ಅಂತ ಅರ್ಥ. ಗುಟುಕು ನುಂಗಿದ ಮರುಕ್ಷಣದ ಉಸಿರಿನಲ್ಲಿ ಕಾಫಿಯ ಗೆರೆಗಳೂ ಅದರ ಜೊತೆಗೇ ಮೇಲೇಳುತ್ತವೆ. ನಾಲಿಗೆಯ ರುಚಿ ಅಂತ ನಾವು ಅಂದುಕೊಂಡದ್ದರಲ್ಲಿ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೆ ಹತ್ತಿದ ಈ ಗಾಳಿಯದ್ದು. ನೆಗಡಿಯಾದಾಗ ಊಟ ಸಪ್ಪೆ ಅನ್ನಿಸುವುದು ಇದಕ್ಕೇ.

ಹಾಗಂತ ಯಂತ್ರ ಎಲ್ಲವನ್ನೂ ಹೇಳುವುದಿಲ್ಲ. ಗೆರೆ ಎತ್ತರ ಇದ್ದ ಮಾತ್ರಕ್ಕೆ ವಾಸನೆ ಜೋರು ಅಂತಲ್ಲ. ಹುರಿದ ಕಾಫಿಯದೇ ಪರಿಮಳ ಕೊಡುವ ಗಂಧಕದ ಫರ್ಫ್ಯೂರಿಲ್‌ಥಯೋಲ್ ಅತ್ಯಲ್ಪ ಇದ್ದರೂ ಮೂಗಿಗೆ ಸಾಕು. ಹಣ್ಣು ಮಾಗಿಸುವ ಎಥಿಲೀನ್‌ನ ಒಲವು 680, ನೀರಿಗಿಂತ ಕಡಿಮೆ. ಹಾಗಾಗಿ ನೀರಿನ ಅಯಾನಿಗೆ ಅದು ಸಿಗುವುದೇ ಇಲ್ಲ. ತೂಕದ ಗೊಂದಲವೂ ಇದೆ. ಬೆಣ್ಣೆಯ ಘಮದ ಡೈಅಸಿಟೈಲ್ 87.044ರಲ್ಲಿ, ಮಾಲ್ಟ್ ಘಮದ 3-ಮೀಥೈಲ್‌ಬ್ಯುಟನಾಲ್ (3-methylbutanal) 87.080ರಲ್ಲಿ ಕಾಣುತ್ತವೆ. ಹಳೆಯ ಯಂತ್ರಗಳಿಗೆ ಎರಡೂ 87. ಈಗಿನ ಟೈಮ್-ಆಫ್-ಫ್ಲೈಟ್ ಯಂತ್ರಗಳು, ಅಂದರೆ ಅಯಾನು ಓಡಿ ತಲುಪಿದ ಹೊತ್ತಿನಿಂದ ತೂಕ ಅಳೆಯುವಂಥವು, ಇವೆರಡನ್ನೂ ಬೇರೆಬೇರೆ ತೋರಿಸುತ್ತವೆ. ಆದರೆ ಕಾಫಿಯಲ್ಲೇ ಇರುವ 2-ಮೀಥೈಲ್‌ಬ್ಯುಟನಾಲ್‌ಗೂ ಆ 3-ಮೀಥೈಲ್‌ಬ್ಯುಟನಾಲ್‌ಗೂ ಸೂತ್ರ ಒಂದೇ, ತೂಕವೂ ಅಷ್ಟೇ. ಅವೆರಡನ್ನು ಬಿಡಿಸಬೇಕಾದರೆ ನಿಧಾನದ ಗ್ಯಾಸ್ ಕ್ರೊಮ್ಯಾಟೋಗ್ರಫಿಯನ್ನೇ ಕೇಳಬೇಕು.