ಬ್ರಾಕೆಟ್ಟಿನೊಳಗಿನ ‘ನಿ.’ ಅಂದರೆ ಏನು?

2020ರ ಡಿಸೆಂಬರ್, ಗ್ರಾಮ ಪಂಚಾಯಿತಿ ಚುನಾವಣೆ. ಆಲೂರು ಕಡೆಯ ನಮ್ಮ ಮಾವ ಸೈನ್ಯದಲ್ಲಿ ಸುಬೇದಾರ್ ಆಗಿದ್ದು, ನಿವೃತ್ತಿ ತಗೊಂಡು ಬಂದು ಕಾಫಿ, ಮೆಣಸು ನೋಡಿಕೊಂಡಿದ್ದವರು. ಊರವರು ಹುರಿದುಂಬಿಸಿ ನಿಲ್ಲಿಸಿಬಿಟ್ಟರು. ಕರಪತ್ರ ಮಾಡಿಸೋಕೆ ಹಾಸನಕ್ಕೆ ಬಂದಾಗ ನಾನೂ ಜೊತೆಗಿದ್ದೆ. ಪ್ರೆಸ್ಸಿನ ಹುಡುಗ ಟೈಪ್ ಮಾಡಿ ತೋರಿಸಿದ. ಮೊದಲು ‘ಸುಬೇದಾರ್ (ನಿ.)’, ಆಮೇಲೆ ಹೆಸರು. ಮಾವ ಕನ್ನಡಕ ಹಣೆಗೆ ಏರಿಸಿ, ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, “ತಪ್ಪಾಯ್ತು ಕಣಪ್ಪ. ನಿ. ಕೊನೆಗೆ ಬರಬೇಕು” ಅಂದರು.

“ಕೊನೆಗೆ ಹಾಕಿದ್ರೆ ಸೊಸೈಟಿ ಬೋರ್ಡ್ ಥರ ಕಾಣುತ್ತೆ ಸಾರ್.”

ಅವನು ಹೇಳಿದ್ದೂ ಸುಳ್ಳಲ್ಲ. ಸಹಕಾರ ಸಂಘಗಳ ಬೋರ್ಡಿನ ಕೊನೆಯಲ್ಲೂ ‘ನಿ.’ ಇರುತ್ತದೆ, ಆದರೆ ಅದು ನಿಯಮಿತ. ಮಾವ ನಿಯಮಿತ ಅಲ್ಲ, ನಿವೃತ್ತ. ವಾಪಸ್ ಬರುವಾಗ ಬಸ್ಸಲ್ಲಿ ಅಷ್ಟು ಹಟ ಯಾಕೆ ಅಂತ ಕೇಳಿದೆ. “ರ‍್ಯಾಂಕ್ ರಿಟೈರ್ ಆಗಲ್ಲ ಕಣೋ, ರಿಟೈರ್ ಆಗಿದ್ದು ನಾನು” ಅಂದರು.

ಇದು ಮಾವನ ಸ್ವಂತ ತಲೆಯಿಂದ ಬಂದ ಮಾತಲ್ಲ. ಸೈನ್ಯದಲ್ಲಿ ಅಧಿಕಾರಿಗಳಿಗೆ ಹೇಳಿಕೊಡುವ ಕ್ರಮವೇ ಇದು: ಮೊದಲು ರ‍್ಯಾಂಕ್, ಆಮೇಲೆ ಹೆಸರು, ಎಲ್ಲ ಮುಗಿದ ಮೇಲೆ ಬ್ರಾಕೆಟ್. ನಮ್ಮ ಪತ್ರಿಕೆಗಳು ‘ನಿವೃತ್ತ ಕರ್ನಲ್’ ಅಂತ ಬರೆಯುವುದೇ ಜಾಸ್ತಿ. ಓದೋಕೆ ಅದೇ ಸಲೀಸು, ನಾನೂ ಹಾಗೇ ಬರೆಯುತ್ತಿದ್ದೆ. ಆದರೆ ಅರ್ಥ ಸ್ವಲ್ಪ ಆಚೀಚೆ ಆಗುತ್ತದೆ. ತಹಸೀಲ್ದಾರರು ನಿವೃತ್ತರಾದರೆ ಹುದ್ದೆ ಕಚೇರಿಯಲ್ಲೇ ಉಳಿಯುತ್ತದೆ, ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ. ಕರ್ನಲ್ ನಿವೃತ್ತರಾದರೆ ಕುರ್ಚಿ ಬಿಡುತ್ತಾರೆ, ‘ಕರ್ನಲ್’ ಮಾತ್ರ ಜೊತೆಯಲ್ಲೇ ಮನೆಗೆ ಬರುತ್ತದೆ. ಮುಂದೆ ಚುನಾವಣೆಗೆ ನಿಂತರೆ ಅಲ್ಲಿಗೂ.

ಸಂವಿಧಾನವೂ ಇದಕ್ಕೆ ಜಾಗ ಬಿಟ್ಟಿದೆ. 18ನೇ ವಿಧಿಯ ಪ್ರಕಾರ ಸರ್ಕಾರ ಯಾರಿಗೂ ಬಿರುದು ಕೊಡುವ ಹಾಗಿಲ್ಲ. ರಾವ್ ಬಹದ್ದೂರ್, ದಿವಾನ್ ಬಹದ್ದೂರ್ ಕಾಲ ಮುಗಿಯಿತು. ಆದರೆ ಎರಡಕ್ಕೆ ವಿನಾಯಿತಿ ಇದೆ: ಸೈನ್ಯದ್ದು ಮತ್ತು ವಿದ್ಯೆಯದ್ದು. ಹಾಗಾಗಿ ರಾಜಕಾರಣಿಯ ಹೆಸರಿನ ಹಿಂದೆ ಕಾಣುವುದು ಒಂದೋ ಡಾಕ್ಟರ್, ಇಲ್ಲಾ ಕ್ಯಾಪ್ಟನ್, ಮೇಜರ್. ಡಾಕ್ಟರ್‌ಗಾದರೆ ಗೌರವ ಡಾಕ್ಟರೇಟ್ ಅಂತ ಒಂದು ಹಿಂಬಾಗಿಲಿದೆ, ಅದು ಬೇರೆ ಕಥೆ ಬಿಡಿ.

ಈಗ ಬ್ರಾಕೆಟ್ಟಿನ ನಿಜವಾದ ಕೆಲಸಕ್ಕೆ ಬರೋಣ. ‘ನಿ.’ ಇಲ್ಲದ ಕರ್ನಲ್‌ಗೆ ರಾಜಕೀಯ ಪೂರ್ತಿ ಬಂದ್. 1954ರ ಸೇನಾ ನಿಯಮಗಳ 20ನೇ ನಿಯಮದಲ್ಲಿ ಇದೆ: ಸೇವೆಯಲ್ಲಿರುವವರು ಪಕ್ಷದ ಸಭೆಗೆ ಹೋಗುವಂತಿಲ್ಲ, ಭಾಷಣ ಮಾಡುವಂತಿಲ್ಲ, ನಾನು ಅಭ್ಯರ್ಥಿ ಅಂತ ಹೇಳಿಕೊಳ್ಳುವಂತಿಲ್ಲ, ಬೇರೆಯವರು ಹಾಗೆ ಸಾರುವುದಕ್ಕೂ ಬಿಡುವಂತಿಲ್ಲ. ಇಷ್ಟೊಂದು ಕಟ್ಟಿಹಾಕಬಹುದಾ ಅಂದರೆ, ಹೌದು. ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಮತದ ಹಕ್ಕು ಮಾತ್ರ ಇದ್ದೇ ಇದೆ, ‘ಸೇವಾ ಮತದಾರ’ ಅಂತ ಅಂಚೆಯಲ್ಲಿ ಹಾಕಬಹುದು. ಇದೆಲ್ಲ ಸೇವೆಯ ಕೊನೆಯ ದಿನದವರೆಗೆ. ಮಾರನೇ ದಿನ ಬ್ರಾಕೆಟ್ ಬಂತು ಅಂದರೆ ಬೇಲಿ ತೆಗೆದ ಹಾಗೆ. ಇಷ್ಟು ವರ್ಷ ಕಾದು ಆಮೇಲೆ ಚುನಾವಣೆಗೆ ನಿಲ್ಲಿ ಅನ್ನುವ ಕಾನೂನು ಇಲ್ಲ. ಜನರಲ್ ವಿ.ಕೆ. ಸಿಂಗ್ ಭೂಸೇನೆಯ ಮುಖ್ಯಸ್ಥರಾಗಿದ್ದು 2012ರ ಮೇನಲ್ಲಿ ನಿವೃತ್ತರಾದರು, 2014ರ ಮಾರ್ಚಲ್ಲಿ ಬಿಜೆಪಿ ಸೇರಿದರು, ಆ ಸಲವೇ ಗಾಜಿಯಾಬಾದಿನಲ್ಲಿ ಐದೂವರೆ ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದು ಕೇಂದ್ರ ಮಂತ್ರಿಯಾದರು. ಎರಡು ವರ್ಷದೊಳಗೆ ಇಷ್ಟೂ ಆಯಿತು. ಕಾನೂನಿನಲ್ಲಿ ತಪ್ಪೇನಿಲ್ಲ. ಆದರೂ ಮುಖ್ಯಸ್ಥರ ಮಟ್ಟದವರಿಗೆ ನಡುವೆ ಒಂದಷ್ಟು ವರ್ಷದ ಬಿಡುವು ಇದ್ದರೆ ಒಳ್ಳೆಯದು ಅಂತ ನನಗನಿಸುತ್ತದೆ. ಕುರ್ಚಿಯಲ್ಲಿ ಕೂತಾಗಲೇ ಮುಂದಿನ ಟಿಕೆಟ್ ಮೇಲೆ ಕಣ್ಣಿತ್ತಾ ಅನ್ನುವ ಅನುಮಾನವೇ ಆಗ ಬರಲ್ಲ, ಅಲ್ವಾ?

ರ‍್ಯಾಂಕ್ ನೋಡಿಯೇ ಅವರ ರಾಜಕೀಯದ ದಾರಿಯನ್ನು ಸುಮಾರಾಗಿ ಅಂದಾಜು ಮಾಡಬಹುದು. ಭೂಸೇನೆಯಲ್ಲಿ ಈಗ ಅಧಿಕಾರಿಯಾಗಿ ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್. ಅಂದರೆ ರಾಜಕೀಯದಲ್ಲಿರುವ ‘ಕ್ಯಾಪ್ಟನ್’ ಚಿಕ್ಕ ವಯಸ್ಸಲ್ಲೇ ಸೈನ್ಯ ಬಿಟ್ಟವರು, ಪಕ್ಷದಲ್ಲಿ ಕೆಳಗಿನಿಂದ ಹತ್ತೋಕೆ ಸಮಯ ಸಿಕ್ಕವರು. ಘಟ್ಟ ಇಳಿದರೆ ಸಿಗುವ ದಕ್ಷಿಣ ಕನ್ನಡದಲ್ಲಿ 2024ರಲ್ಲಿ ಸಂಸದರಾದ ಕ್ಯಾಪ್ಟನ್ ಬ್ರಿಜೇಶ್ ಚೌಟ ಇದ್ದಾರಲ್ಲ, ಆ ಥರ. ಜನರಲ್‌ಗಳು ಅರವತ್ತರ ಸುಮಾರಿಗೆ ಬರುತ್ತಾರೆ, ಬರುವಾಗಲೇ ಮೇಲಿನ ಮೆಟ್ಟಿಲಿಗೆ ಬರುತ್ತಾರೆ. ನೌಕಾಪಡೆಯ ಕ್ಯಾಪ್ಟನ್ ಅಂದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಆ ಹುದ್ದೆ ಭೂಸೇನೆಯ ಕರ್ನಲ್‌ಗೆ ಸಮ.

ಮತ ಎಣಿಸುವಾಗ ಮಾತ್ರ ಈ ಏಣಿಗೆ ಬೆಲೆ ಇಲ್ಲ. 2017ರ ಪಂಜಾಬ್ ವಿಧಾನಸಭಾ ಚುನಾವಣೆಯಲ್ಲಿ ಪಟಿಯಾಲದಲ್ಲಿ ಒಂದು ಕಡೆ ಭೂಸೇನೆಯ ಮಾಜಿ ಮುಖ್ಯಸ್ಥ ಜನರಲ್ ಜೆ.ಜೆ. ಸಿಂಗ್, ಇನ್ನೊಂದು ಕಡೆ 1960ರ ದಶಕದಲ್ಲೇ ಸೈನ್ಯ ಬಿಟ್ಟ ಕ್ಯಾಪ್ಟನ್ ಅಮರಿಂದರ್ ಸಿಂಗ್. ಗೆದ್ದಿದ್ದು ಕ್ಯಾಪ್ಟನ್. ಪರೇಡ್ ಮೈದಾನದಲ್ಲಾಗಿದ್ದರೆ ಕ್ಯಾಪ್ಟನ್ನೇ ಸೆಲ್ಯೂಟ್ ಹೊಡೆಯಬೇಕಿತ್ತು.

ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಎಲ್ಲರಿಗೂ ಗೊತ್ತು. 1971ರ ಯುದ್ಧದಲ್ಲಿದ್ದವರು, ಇಪ್ಪತ್ತೆಂಟಕ್ಕೇ ಸೈನ್ಯ ಬಿಟ್ಟು ಜಾವಗಲ್ ಕಡೆ ತೋಟ ಮಾಡಿದರು, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತರು. ವಿಮಾನ ಕಂಪನಿ ಕಟ್ಟಿದವರಿಗೆ ಜನ ಇವತ್ತಿಗೂ ಮೊದಲು ಹೇಳುವುದು ಸೈನ್ಯದ ರ‍್ಯಾಂಕನ್ನೇ. ಬ್ರಾಕೆಟ್ ಹಾಕುವವರು ಕಡಿಮೆ.

ಮಾವ ಹನ್ನೊಂದು ಓಟಿನಲ್ಲಿ ಸೋತರು. ಪಂಚಾಯಿತಿಯಲ್ಲಿ ಪಕ್ಷದ ಗುರುತು ಇರುವುದಿಲ್ಲ, ಅವರಿಗೆ ಬಂದಿದ್ದು ಕುಕ್ಕರ್. ಊರಲ್ಲಿ ಅವರನ್ನು ಸುಬೇದಾರ್ ಅಂತ ಕರೆಯುವವರೇ ಇಲ್ಲ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ‘ಮಿಲ್ಟ್ರಿ’. ಕರಪತ್ರದಲ್ಲಿ ಅದನ್ನೇ ಹಾಕಿಸಿದ್ದರೆ ಇನ್ನೊಂದು ಹತ್ತು ಓಟು ಬರುತ್ತಿತ್ತೇನೋ ಅಂತ ಅತ್ತೆ ಈಗಲೂ ಆಡಿಕೊಳ್ಳುತ್ತಾರೆ.

ಈ ಬ್ರಾಕೆಟ್ ಬೇಡವೇ ಬೇಡ ಅನ್ನುವ ರ‍್ಯಾಂಕ್ ಒಂದಿದೆ: ಫೀಲ್ಡ್ ಮಾರ್ಷಲ್. ಅವರು ಬದುಕಿರುವವರೆಗೂ ಸೇವೆಯಲ್ಲಿದ್ದಂತೆ ಲೆಕ್ಕ. ನಮ್ಮ ಜಿಲ್ಲೆಯ ಗಡಿಯಾಚೆ, ಶನಿವಾರಸಂತೆಯಲ್ಲಿ ಹುಟ್ಟಿದ ಕಾರಿಯಪ್ಪನವರು 1953ರಲ್ಲಿ ಜನರಲ್ ಆಗಿ ನಿವೃತ್ತರಾದರು. 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತಾಗ ಅವರ ಹೆಸರಿಗೆ ಬ್ರಾಕೆಟ್ ಇತ್ತು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. ನಿವೃತ್ತಿಯಾಗಿ ಮೂವತ್ತಮೂರು ವರ್ಷ ಆದ ಮೇಲೆ ‘ನಿ.’ ಅಳಿಸಿಹೋಯಿತು.