ಪಾಲಿಟೆಕ್ನಿಕ್‌ನ ‘ಪಾಲಿ’ಗೆ ಅರ್ಧ ಎಂಬ ಅರ್ಥವಿಲ್ಲ

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗ ಪಾಲಿಟೆಕ್ನಿಕ್ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. ಆ ಪದದ ಅರ್ಥವೇ ಅರ್ಧ ಎಂಜಿನಿಯರಿಂಗ್ ಎಂದಲ್ಲವೇ?
– ರಾಜಾಜಿನಗರದ ತಾಯಿಯೊಬ್ಬರು

ಅಲ್ಲ ತಾಯಿ, ಖಂಡಿತ ಅಲ್ಲ. ಫಲಿತಾಂಶ ಬಂದ ವಾರ ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ಇದೇ ಉತ್ತರ ಬರೆಯುತ್ತೇನೆ. ಗ್ರೀಕ್ ಭಾಷೆಯಲ್ಲಿ ‘ಪಾಲಿ’ ಎಂದರೆ ಹಲವು, ‘ತೆಖ್ನೆ’ ಎಂದರೆ ಕಸುಬು, ಕೈಚಳಕದ ವಿದ್ಯೆ. ಹಲವು ವಿದ್ಯೆಗಳ ಶಾಲೆ ಎಂದಷ್ಟೇ ಇದರ ಅರ್ಥ. ನಮ್ಮ ‘ಪಾಲು’ ಎಂಬ ಪದವನ್ನು ಇದಕ್ಕೆ ತಂದು ಅಂಟಿಸಬೇಡಿ.

ಹೆಸರು ಹುಟ್ಟಿದ್ದು ಫ್ರಾನ್ಸಿನಲ್ಲಿ. ಕ್ರಾಂತಿಯ ದಿನಗಳಲ್ಲಿ, 1794ರಲ್ಲಿ, ದೇಶಕ್ಕೆ ಎಂಜಿನಿಯರುಗಳು ಬೇಕೆಂದು ಪ್ಯಾರಿಸ್ಸಿನಲ್ಲಿ ಒಂದು ಶಾಲೆ ತೆರೆದರು. ಮರುವರ್ಷ ಅದು ‘ಎಕೋಲ್ ಪಾಲಿಟೆಕ್ನಿಕ್’ ಆಯಿತು. ಲಗ್ರಾಂಜನಂತಹ ಗಣಿತಜ್ಞ ಅಲ್ಲಿ ಪಾಠ ಹೇಳಿದ. ಇಂಗ್ಲಿಷಿಗೆ ಪದ ಬಂದದ್ದು ಫ್ರೆಂಚಿನಿಂದಲೇ. ಐನ್‌ಸ್ಟೈನ್ 1896ರಿಂದ 1900ರವರೆಗೆ ಜ್ಯೂರಿಕ್‌ನಲ್ಲಿ ಓದಿದ್ದೂ ಪಾಲಿಟೆಕ್ನಿಕ್ಕಿನಲ್ಲಿ. ಇವುಗಳಲ್ಲಿ ಯಾವುದನ್ನು ಅರ್ಧ ಎನ್ನುತ್ತೀರಿ?

ನಮ್ಮಲ್ಲಿ ಆ ಹೆಸರು ಡಿಪ್ಲೊಮಾಕ್ಕೆ ಅಂಟಿಕೊಂಡಿತು, ಗೊಂದಲ ಅಲ್ಲಿಂದ ಶುರುವಾಯಿತು. ಆದರೆ ಲೆಕ್ಕ ಹಾಕಿ ನೋಡಿ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ: ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಸೀಟು ಸಿಕ್ಕರೆ ನೇರ ಎರಡನೆಯ ವರ್ಷದ ಬಿಇಗೆ ಪ್ರವೇಶ, ಅಲ್ಲಿ ಮೂರು ವರ್ಷ: ಒಟ್ಟು ಅದೇ ಆರು. ಈ ದಾರಿಯಲ್ಲಿ ಬಂದ ಹುಡುಗ ಹದಿನಾರಕ್ಕೇ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತಿರುತ್ತಾನೆ. ಬಿಇಗೆ ಹೋಗದಿದ್ದರೂ ಕೈಯಲ್ಲಿ ಕೆಲಸ ಇರುತ್ತದೆ.

‘ಹಲವು’ ಎಂಬ ಮಾತಿಗೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಹಿಂದಿ ನಿರ್ದೇಶಕ ಗುರುದತ್ ಅವರ ಚಿತ್ರಗಳಿಗೆ ಬೆಳಕು ಕೊಟ್ಟ ಮೈಸೂರಿನ ವಿ.ಕೆ. ಮೂರ್ತಿ ಛಾಯಾಗ್ರಹಣ ಕಲಿತದ್ದು ಇಲ್ಲಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಚಿತ್ರ ನಿರ್ದೇಶಕ ಗೋವಿಂದ ನಿಹಲಾನಿಯವರೂ ಅಲ್ಲಿಯೇ ಕಲಿತವರು. ಕ್ಯಾಮೆರಾವೂ ಒಂದು ‘ತೆಖ್ನೆ’ ಎಂದು ಆ ಸಂಸ್ಥೆ ಅಂದೇ ಒಪ್ಪಿಕೊಂಡಿತ್ತು. ಇದನ್ನು ಹೇಳುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಸಂಸ್ಕೃತದಲ್ಲಿ ಬಡಗಿಗೆ ‘ತಕ್ಷ’ ಎನ್ನುತ್ತಾರೆ. ‘ತೆಖ್ನೆ’ಯೂ ಇದೂ ಒಂದೇ ಬೇರಿನವು. ‘ಪಾಲಿ’ಗೂ ಅಲ್ಲೊಬ್ಬ ನೆಂಟನಿದ್ದಾನೆ, ‘ಪುರು’. ಹಲವರು ಕರೆಯುವವನಾದ್ದರಿಂದ ಇಂದ್ರ ಪುರುಹೂತ. ಹಾಗೆಂದು ಗ್ರೀಕರು ಸಂಸ್ಕೃತದಿಂದ ಪದ ಕದ್ದರು ಎಂದು ದಯವಿಟ್ಟು ಯಾರೂ ಬರೆಯಬೇಡಿ. ಎರಡೂ ಭಾಷೆಗಳು ಅವಕ್ಕಿಂತ ಹಳೆಯದಾದ ಒಂದೇ ಮನೆಯಿಂದ ಕವಲೊಡೆದವು. ಈ ಪದಗಳು ತಾಯಿ ಮಕ್ಕಳಲ್ಲ, ದಾಯಾದಿಗಳು.