ಥ್ರೆಡ್ ಸ್ಟ್ಯಾಕ್‌ನ ಮಿತಿ: ಅಡಿಕೆ ಧಾರಣೆಯ ಸರ್ವರ್‌ಗೊಂದು ಟಿಪ್ಪಣಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ರಾಶಿ, ಬೆಟ್ಟೆ, ಗೊರಬಲು, ಸರಕು ಅಡಿಕೆಯ ಧಾರಣೆಯನ್ನು ಜೇಸನ್ ಎಂಬ, ಆವರಣಗಳಲ್ಲಿ ದತ್ತಾಂಶ ಬರೆಯುವ ಪಠ್ಯರೂಪದಲ್ಲಿ ಸ್ವೀಕರಿಸುವ ಸರ್ವರೊಂದನ್ನು ನಮ್ಮ ಗುಂಪು ಅಭ್ಯಾಸಕ್ಕಾಗಿ ಸಿ ಭಾಷೆಯಲ್ಲಿ ಬರೆಯುತ್ತಿದೆ. ಅದರ ಪಾರ್ಸರ್ (ಬಂದ ಪಠ್ಯವನ್ನು ಬಿಡಿಸಿ ಓದುವ ಭಾಗ) ಆವರಣದೊಳಗಿನ ಆವರಣವನ್ನು ಬಿಡಿಸಲು ತನ್ನನ್ನು ತಾನೇ ಕರೆದುಕೊಳ್ಳುತ್ತದೆ. ಹಾಗೆ ಒಳಗಿಳಿಯುವ ಪ್ರತಿ ಹಂತಕ್ಕೂ 512 ಬೈಟ್ ಸ್ಟ್ಯಾಕ್, ಅಂದರೆ ಫಂಕ್ಷನ್ ಕರೆಗಳಿಗಾಗಿ ಪ್ರತಿ ಥ್ರೆಡ್‌ಗೂ (ಪ್ರಕ್ರಿಯೆಯೊಳಗೆ ಓಡುವ ಕೆಲಸದ ಎಳೆ) ಇರುವ ಸೀಮಿತ ಮೆಮೊರಿ, ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ.

ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ ಸಿಗುವುದರಿಂದ 16,384 ಹಂತಗಳವರೆಗೆ ಇಳಿಯಬಹುದು. ವಿಂಡೋಸ್‌ನ 1 ಎಂಬಿಯಲ್ಲಿ 2,048, ಮ್ಯಾಕ್‌ಓಎಸ್‌ನಲ್ಲಿ ಮುಖ್ಯ ಥ್ರೆಡ್ ಬಿಟ್ಟು ಉಳಿದವಕ್ಕೆ ಸಿಗುವ 512 ಕೆಬಿಯಲ್ಲಿ 1,024 ಹಂತ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಕಂಟೇನರ್‌ನಲ್ಲಿರುವ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಪರಿಸರ) ಮಸಲ್ ಎಂಬ ಸಿ ಲೈಬ್ರರಿ ಕೊಡುವುದು 128 ಕೆಬಿ ಮಾತ್ರ, ಅಂದರೆ ಹೆಚ್ಚೆಂದರೆ 256 ಹಂತ. ಲ್ಯಾಪ್‌ಟಾಪಿನಲ್ಲಿ ಎಲ್ಲ ಪರೀಕ್ಷೆ ದಾಟಿದ ಕೋಡ್ ಕಂಟೇನರ್‌ನಲ್ಲಿ ಬೀಳುವುದು ಹೀಗೆ. ತೆರೆದ ಚೌಕಾವರಣಗಳನ್ನು ಸಾಲಾಗಿ ಬರೆದು ಒಂದು ಕೆಬಿಗೂ ಕಡಿಮೆಯ ಕೋರಿಕೆ ಕಳಿಸಿದರೆ ಸಾಕು, ಆ ಒಂದು ಥ್ರೆಡ್ ಅಲ್ಲ, ಇಡೀ ಪ್ರಕ್ರಿಯೆಯೇ ಸಾಯುತ್ತದೆ, ಜೊತೆಗೆ ಉಳಿದ ಗ್ರಾಹಕರ ಸಂಪರ್ಕಗಳೂ ಕಡಿದುಹೋಗುತ್ತವೆ.

ಆದ್ದರಿಂದ ಮೊದಲು ಆಳವನ್ನು ಎಣಿಸಬೇಕು. ಜಿಲ್ಲೆ, ಮಾರುಕಟ್ಟೆ, ಬಗೆ, ದರ ಎಂದು ನಾಲ್ಕೇ ಹಂತವಿರುವ ನಮ್ಮ ದತ್ತಾಂಶಕ್ಕೆ 64ರ ಮಿತಿಯೇ ಧಾರಾಳ. ಅದನ್ನು ಮೀರಿದ ಕೋರಿಕೆಗೆ 400 (ತಪ್ಪು ಕೋರಿಕೆ) ಎಂಬ ಉತ್ತರ ಕೊಟ್ಟು ಮುಂದೆ ಹೋಗಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ಕೂಡ ಪೂರ್ವನಿಯೋಜಿತವಾಗಿ 2 ಎಂಬಿಯ ಆಳಮಿತಿ ಇಟ್ಟುಕೊಂಡು, ಮೀರಿದ ಕ್ವೆರಿಯನ್ನಷ್ಟೇ ದೋಷಸಂದೇಶದೊಂದಿಗೆ ಕೈಬಿಡುತ್ತದೆ.

ಎರಡನೆಯದಾಗಿ, ಥ್ರೆಡ್ ಹುಟ್ಟಿಸುವಾಗಲೇ ಗಾತ್ರವನ್ನು ನಾವೇ ಹೇಳಬೇಕು. 1 ಎಂಬಿ ಎಂದರೆ 4 ಕೆಬಿ ಪುಟಕ್ಕೂ (ಮೆಮೊರಿ ಹಂಚುವ ಘಟಕ) ಆ್ಯಪಲ್ ಸಿಲಿಕಾನ್‌ನ 16 ಕೆಬಿ ಪುಟಕ್ಕೂ ಸರಿಯಾಗಿ ಭಾಗವಾಗುತ್ತದೆ. ಹಾಗಿದ್ದರೂ ಗಾತ್ರ ನಿಗದಿಸುವ ಕರೆ ಹಿಂದಿರುಗಿಸುವ ಫಲಿತಾಂಶವನ್ನು ನೋಡದೆ ಮುಂದುವರಿಯಬಾರದು. ಯುಲಿಮಿಟ್ (ಸ್ಟ್ಯಾಕ್ ಗಾತ್ರಕ್ಕೆ ವ್ಯವಸ್ಥೆ ಹಾಕುವ ಮಿತಿ) ಹೆಚ್ಚಿಸುವುದನ್ನು ನಾನು ಪರಿಹಾರವೆಂದು ಒಪ್ಪುವುದಿಲ್ಲ, ಏಕೆಂದರೆ ಅದು ನಮ್ಮ ಕೋಡ್‌ನ ಹಿಡಿತದಲ್ಲಿಲ್ಲ. ತಮಾಷೆಯೆಂದರೆ, ಅದನ್ನು ‘ಅನ್‌ಲಿಮಿಟೆಡ್’ ಎಂದಿಟ್ಟರೆ 64 ಬಿಟ್ ಇಂಟೆಲ್ ಯಂತ್ರದ ಗ್ಲಿಬ್‌ಸಿ ಹೊಸ ಥ್ರೆಡ್‌ಗೆ 8ರ ಬದಲು 2 ಎಂಬಿ ಕೊಡುತ್ತದೆ.

ಮೂರನೆಯ ಅಪಾಯ ಕಣ್ಣಿಗೆ ಬೀಳದಂಥದು. ಸ್ಟ್ಯಾಕ್‌ನ ತುದಿಯಲ್ಲಿ ಕಾವಲಿಗಿರುವುದು ಸಾಮಾನ್ಯವಾಗಿ ಒಂದೇ ಗಾರ್ಡ್ ಪೇಜ್, ಅಂದರೆ ಮುಟ್ಟಿದರೆ ದೋಷ ಎಬ್ಬಿಸುವ ಪುಟ. ಫಂಕ್ಷನ್ನಿನೊಳಗೆ 64 ಕೆಬಿಯ ಬಫರ್ ಘೋಷಿಸಿದರೆ ಬರವಣಿಗೆ ಆ ಪುಟವನ್ನು ಮುಟ್ಟದೆಯೇ ಹಾರಿ, ಬೇರೆಯವರ ಮೆಮೊರಿಯನ್ನು ಸದ್ದಿಲ್ಲದೆ ಕೆಡಿಸಬಹುದು. 2017ರಲ್ಲಿ ‘ಸ್ಟ್ಯಾಕ್ ಕ್ಲ್ಯಾಶ್’ ಎಂಬ ಹೆಸರಿನಲ್ಲಿ ಬಯಲಾದ ದೋಷಗಳ ಮೂಲವೂ ಇಂಥ ಜಿಗಿತವೇ. ಜಿಸಿಸಿ ಕಂಪೈಲರ್‌ನ 8ನೇ ಆವೃತ್ತಿಯಿಂದ ಇದಕ್ಕೆ ಸ್ಟ್ಯಾಕ್ ಕ್ಲ್ಯಾಶ್ ರಕ್ಷಣೆಯ ಆಯ್ಕೆಯಿದೆ, ಅದನ್ನು ಬಿಲ್ಡ್‌ನಲ್ಲಿ ಸೇರಿಸಿರಿ. ದೊಡ್ಡ ಬಫರ್‌ಗಳನ್ನಂತೂ ಹೀಪ್‌ಗೆ (ಸ್ಟ್ಯಾಕ್‌ನ ಹೊರಗೆ ಬೇಕಾದಾಗ ಕೇಳಿ ಪಡೆಯುವ ಮೆಮೊರಿ) ಸಾಗಿಸಿರಿ.

ಸ್ಟ್ಯಾಕ್ ತುಂಬಿದಾಗ ಸಿಗ್ನಲ್ ಹ್ಯಾಂಡ್ಲರ್‌ಗೂ (ದೋಷದ ಸೂಚನೆ ಬಂದಾಗ ಓಡುವ ಫಂಕ್ಷನ್) ನಿಲ್ಲಲು ಜಾಗವಿರುವುದಿಲ್ಲವಾದ್ದರಿಂದ ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಟ್ಯಾಕ್ ಒದಗಿಸಬೇಕು. ಆ ಹ್ಯಾಂಡ್ಲರ್ ಲಾಗ್‌ನಲ್ಲಿ ಒಂದು ಸಾಲು ಬರೆದು ಪ್ರಕ್ರಿಯೆಯನ್ನು ಮುಗಿಸಲಿ, ಚೇತರಿಸಿಕೊಳ್ಳುವ ಸಾಹಸ ಬೇಡ. ಪರೀಕ್ಷೆಗಳನ್ನು ಎಲ್ಲ ವೇದಿಕೆಗಳಲ್ಲೂ 128 ಕೆಬಿ ಥ್ರೆಡ್‌ನಲ್ಲೇ ಓಡಿಸಿರಿ.